ತಂಬೂರಿ ತಗೊಂಡು ಮಿರಜಿಗೆ

ನಮ್ಮ ಕಡೆ ಜವಾರಿ ಅಂದ್ರ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಜವಾರಿ ಬದನೀಕಾಯಿ, ಜವಾರಿ ಮೆಣಸಿನಕಾಯಿ, ಜವಾರಿ ಕೋಳಿ. ಹೈಬ್ರಿಡ್ ಅಲ್ಲದ್ದು, ಇದೇ ಮಣ್ಣಿನದು. ಹಾಡುವವರ ಮನೆಯಲ್ಲಿ ಮಾತ್ರ ಈ ಶಬ್ದಕ್ಕೆ ಇನ್ನೊಂದು ಅರ್ಥ ಐತಿ. ತಂಬೂರಿ ತಂತಿ ಮೀಟಿದಾಗ ಟಣ್ ಅಂತ ಬಡಿದು ಅಲ್ಲೇ ಸಾಯುವುದಿಲ್ಲ. ದುಂಬಿ ಗುಂಯ್‌ಗುಟ್ಟಿದಂಗ ಅರಳುತ್ತ ಹೋಗತೈತಲ್ಲ, ಆ ಗುಣಕ್ಕೆ ಜವಾರಿ ಅಂತಾರ. ಜೀವ ಅನ್ನುವ ಶಬ್ದದಿಂದ ಬಂದದ್ದು ಅಂತ ಹಾಡುವವರ ನಂಬಿಕೆ. ತಂಬೂರಿಯ ಜವಾರಿ ಹೋತು ಅಂದ್ರ ಜೀವ ಹೋತು ಅಂತಲೇ ಲೆಕ್ಕ.

ನಮ್ಮ ಸ್ವಾದರಮಾವನ ತಂಬೂರಿಯ ಜವಾರಿ ಹೋಗಿ ಎರಡು ವರ್ಷ ಆಗಿತ್ತು.

ಮಾವ ಕುಂದಗೋಳ ತಾಲೂಕಿನ ಒಕ್ಕಲಿಗರು. ಈಗ ಎಪ್ಪತ್ತಾರು ವರ್ಷ. ದೊಡ್ಡ ಕಚೇರಿ ಮಾಡಿದವರಲ್ಲ. ಹರೇದಾಗ ಹುಬ್ಬಳ್ಳಿಗೆ ಹೋಗಿ ಬಂದು ಒಬ್ಬ ಗುರುಗಳ ಹತ್ತಿರ ಹಾಡಿಕೆ ಕಲಿತರು. ಆಮೇಲೆ ಹೊಲ, ಮನಿ, ಮಠದಾಗ ವಚನ, ದಾಸರ ಪದ. ಸಂಜೀಕ ಊರಿನ ನಾಲ್ಕೈದು ಹುಡುಗರು ಬಂದು ಕುಂಡ್ರತಾರ, ಅವರಿಗೆ ಸರಿಗಮ. ಒಂದು ವರ್ಷ ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ಮಿರಜಿಗೆ ಹೋಗಿ ಈ ತಂಬೂರಿ ತಂದದ್ದನ್ನು ಅತ್ತಿ ಇನ್ನೂ ಎಣಿಸಿ ಹೇಳತಾಳ, ಆ ವರ್ಷ ತನಗೆ ಸೀರಿ ಬರಲಿಲ್ಲ ಅನ್ನೂದನ್ನೂ ಸೇರಿಸಿ.

ಇಷ್ಟು ವರ್ಷ ತಿಕ್ಕಿ ತಿಕ್ಕಿ ತಂತಿಗಳು ಕುದುರಿಯ ಮೇಲೆ ಗೆರಿ ಕೊರೆದಿದ್ದವು. ತಂತಿಯ ಭಾರ ಹೊತ್ತು, ಅದರ ನಡುಕವನ್ನು ಬುರುಡಿಗೆ ದಾಟಿಸುವ ಸಣ್ಣ ಸೇತುವೆಗೆ ಕುದುರಿ ಅಂತಾರ. ಒಂದು ಖುಂಟಿ ಸಡಲಾಗಿ ತಿರುವಿದಲ್ಲಿ ನಿಲ್ಲುತ್ತಿರಲಿಲ್ಲ. ಸ್ವರವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡುವ ಮಣಿಗಳಲ್ಲಿ ಎರಡು ಎಲ್ಲೋ ಕಳೆದಿದ್ದವು. ಮಕ್ಕಳು ಎಲೆಕ್ಟ್ರಾನಿಕ್ ತಂಬೂರಿ ತಂದುಕೊಟ್ಟರು. ಬೆಂಗಳೂರಿನ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಅದನ್ನು ಮಾಡಿದಾಗಿನಿಂದ ಎಷ್ಟೋ ಹಾಡುವವರಿಗೆ ಅದು ಆಸರ ಆಗೇತಿ. ಮಾವನೂ ಬ್ಯಾಡ ಅನ್ನಲಿಲ್ಲ. ಹುಡುಗರಿಗೆ ಅದನ್ನೇ ಹಚ್ಚಿ ಹೇಳಿಕೊಟ್ಟರು. ಆದರೆ ಮುಂಜಾನೆ ಐದಕ್ಕೆ ಎದ್ದು ತಾವೊಬ್ಬರೇ ಕುಳಿತು ಹಾಡುತ್ತಿದ್ದದ್ದು ನಿಂತಿತು.

“ಮುಂಜಾನಿ ಮನಿ ಭಣಭಣ ಅನಸ್ತೈತಿ ನೋಡಪಾ,” ಅಂತ ಅತ್ತಿ ಫೋನ್ ಮಾಡಿದಳು. ಅದಕ್ಕೇ ನಾ ಹೊಂಟಿದ್ದು.

ಮಾವ ಒಂದು ಚೀಟಿ ಬರೆದುಕೊಟ್ಟರು. ಕುದುರಿ ಒಂದು, ಖುಂಟಿ ಒಂದು, ಮಣಿ ಎರಡು, ತಂತಿ ನಾಲ್ಕು. ಕೆಳಗೆ ದಪ್ಪ ಅಕ್ಷರದಲ್ಲಿ: ಸ್ವರ, ಕರೀ ಒಂದು. ಹಾರ್ಮೋನಿಯಂನ ಮೊದಲನೇ ಕರೀ ಮನಿಗೆ ನಮ್ಮ ಕಡೆ ಹಂಗಂತಾರ. ಕೊರಿಯರ್‌ನಾಗ ತರಿಸಿದ್ರ ಆಗಾಂಗಿಲ್ಲೇನು ಅಂತ ಕೇಳಿದೆ.

“ಚಪ್ಪಲ್ಲ ಏನಪಾ ಅದು, ನಂಬರ್ ಹೇಳಿ ತರಸಾಕ? ತಂಬೂರಿ ತಗೊಂಡ ಹೋಗು,” ಅಂದರು.

ಕೌದಿಯಲ್ಲಿ ಸುತ್ತಿ, ಎರಡು ಕಡೆ ಹಗ್ಗ ಕಟ್ಟಿ, ಕುಂದಗೋಳದಿಂದ ಹುಬ್ಬಳ್ಳಿ, ಅಲ್ಲಿಂದ ಮಿರಜದ ಗಾಡಿ. ಧಾರವಾಡ, ಲೋಂಡಾ, ಬೆಳಗಾವಿ, ಘಟಪ್ರಭಾ, ರಾಯಬಾಗ. ಕುಡಚಿ ದಾಟಿ ಕೃಷ್ಣಾ ಹೊಳಿ ಬಂತಂದ್ರ ಮಿರಜ ದೂರಿಲ್ಲ. ಈ ಹಾದಿಯಲ್ಲಿ ಹಾಡಿಕೆ ಅಡ್ಡಾಡಿದ್ದು ಹೊಸದಲ್ಲ. ಮಿರಜದಲ್ಲಿ ನೆಲೆ ನಿಂತಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಮೈಸೂರಿನ ಅರಮನೆಗೆ ಹೋಗಿ ಬರುವಾಗ ನಮ್ಮ ಸೀಮೆಯಲ್ಲಿ ಇಳಿಯುತ್ತಿದ್ದರು. ಅವರ ಶಿಷ್ಯರಾದವರು ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರು (1886–1952). ಅವರ ಹತ್ತಿರ ಕಲಿಯಲಿಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು, ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು ಕಲಿತರು. ಕುಂದಗೋಳದ ನಾಡಗೇರ ವಾಡೇದಾಗ ಗುರುಗಳ ಪುಣ್ಯತಿಥಿಗೆ ಮಂದಿ ರಾತ್ರಿಯೆಲ್ಲ ಕುಂತು ಕೇಳತಾರ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಜಮಖಂಡಿಯಲ್ಲೂ ಪಟವರ್ಧನರು, ಮಿರಜದಲ್ಲೂ ಪಟವರ್ಧನರು. ಈಗ ನಡುವೆ ರಾಜ್ಯದ ಗಡಿ ಐತಿ. ತಂಬೂರಿಗೆ ಅದು ಗೊತ್ತಿಲ್ಲ.

ಮಿರಜದಲ್ಲಿ ಸತಾರಮೇಕರ ಗಲ್ಲಿ ಯಾವುದು ಅಂತ ಕೇಳಿದ್ರ ಸಣ್ಣ ಹುಡುಗರೂ ತೋರಸ್ತಾರ. ಅಲ್ಲಿ ಎಷ್ಟೋ ಮನೆತನಗಳ ಅಡ್ಡಹೆಸರೇ ಸತಾರಮೇಕರ. ಇವರ ಹಿರಿಯರು ಶಿಕಲಗಾರರು, ಕತ್ತಿಗೆ ಸಾಣಿ ಹಿಡಿಯುವವರು, ಹತಾರ ಮಾಡುವವರು. ಇಂಗ್ಲಿಷರ ಆಳ್ವಿಕೆಯಲ್ಲಿ ಕತ್ತಿಯ ಗಿರಾಕಿ ಕಡಿಮೆಯಾದಾಗ, 1850ರ ಆಸುಪಾಸಿನಲ್ಲಿ, ಫರೀದಸಾಹೇಬ್ ಶಿಕಲಗಾರ್ ಅನ್ನುವವರು ತಂಬೂರಿ ಮಾಡಲಿಕ್ಕೆ ಸುರು ಮಾಡಿದರು. ಕಬ್ಬಿಣ ಕೊರೆಯುತ್ತಿದ್ದ ಕೈ ಕಟ್ಟಿಗಿಗೆ ಹೊಂದಿಕೊಂಡಿತು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ನಾ ಹೋದ ಅಂಗಡಿ ಅಂದ್ರ ಒಂದು ಪಡಸಾಲಿ. ಮೇಲೆ ಜಂತಿಗೆ ಒಣ ಸೋರೆಬುರುಡೆಗಳನ್ನು ತೂಗು ಹಾಕಿದ್ದರು. ಇದು ಪಲ್ಯ ಮಾಡುವ ಸೋರೆ ಅಲ್ಲ, ಕಹಿ. ಪಂಢರಪುರ, ಮಂಗಳವೇಢೆ ಕಡೆ ಭೀಮಾ ಹೊಳಿ ದಂಡಿಯ ಹೊಲದಾಗ ಬೆಳೀತಾರ. ಬಲಿತ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ಒಳಗಿನ ತಿರುಳು ತಗೀತಾರ. ಮೂಲ್ಯಾಗ ಅರಗಿನ ವಾಸನಿ. ಒಬ್ಬ ಹುಡುಗ ದಾಂಡಿಗೆ ಪಾಲಿಶ್ ತಿಕ್ಕುತ್ತಿದ್ದ. ನಡುವೆ ಚಾಪಿ ಮೇಲೆ ಕುಳಿತ ಹಿರಿಯರು ಕನ್ನಡಕದ ಮೇಲಿಂದ ನನ್ನ ಕೌದಿ ನೋಡಿ, ನಾ ಬಾಯಿ ತೆರೆಯುವ ಮೊದಲೇ ಕನ್ನಡದಾಗ ಕೇಳಿದರು: “ಧಾರವಾಡ ಕಡೆಯವ್ರೇನ್ರಿ? ಬರ್ರಿ, ಕೂಡ್ರಿ.”

ನಾ ಚೀಟಿ ಕೊಟ್ಟೆ. ಚಾಚಾ ಅದನ್ನು ಓದದೆ ಬದಿಗಿಟ್ಟು ಕೌದಿ ಬಿಚ್ಚಿದರು. ತಂತಿ ಮೀಟಲಿಲ್ಲ. ಮೊದಲು ಬುರುಡಿ ತಟ್ಟಿ ನೋಡಿದರು. ಆಮೇಲೆ ತಬಲಿಯ ಮೇಲೆ, ಅಂದ್ರ ಬುರುಡಿಯ ಬಾಯಿ ಮುಚ್ಚುವ ಹಲಗಿಯ ಮೇಲೆ, ಅಂಗೈ ಆಡಿಸಿದರು.

“ಇಲ್ಲಿ ಒಂದೀಟ್ ಕುಸದೈತಿ ನೋಡ್ರಿ. ಇಷ್ಟು ವರ್ಷ ತಂತಿ ಜಗ್ಗಿದ್ರ ಕುಸೀಲಾರದ ಏನ್ ಮಾಡೀತು? ಕುದುರಿ ಕಾಲು ಈ ಕುಸದ ಜಾಗಕ್ಕ ಹೊಂದಬೇಕು. ಎತ್ತರ ಈ ದಾಂಡಿಗೆ ಹೊಂದಬೇಕು. ಬರೇ ಕುದುರಿ ಒಯ್ದು ನೀವ ಕುಂಡ್ರಿಸಿದ್ರ ಅದು ಕುದುರಿ ಅಲ್ಲ, ಕಟಗಿ ತುಂಡು.”

ಮಾವ ತಂಬೂರಿ ಹೊರಿಸಿ ಕಳಿಸಿದ್ದು ಯಾಕಂತ ಆಗ ತಿಳೀತು.

ಹಳೇ ಕುದುರಿ ಎಲುಬಿನದು. ಹಿಂದಕ ಆನೆ ದಂತ, ಜಿಂಕಿ ಕೊಂಬಿನವೂ ಇರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಹಂತಹಂತವಾಗಿ ಅವು ನಿಂತವು. ಈಗ ಒಂಟಿ ಎಲುಬು, ಎಬನಿಯ ಕರೀ ಕಟಗಿ, ಫೈಬರ್. ಮಾವನ ಕುದುರಿಯನ್ನು ಬೆಳಕಿಗೆ ಹಿಡಿದು ಚಾಚಾ, “ಇದನ್ನ ಮತ್ತ ತಿಕ್ಕಾಕ ಮೈಯಾಗ ಏನೂ ಉಳದಿಲ್ಲ,” ಅಂದರು. ಹೊಸದಕ್ಕೆ ಎಲುಬೋ ಕಟಗಿಯೋ ಅಂತ ಕೇಳಿದೆ. ಅವರು ಉತ್ತರ ಕೊಡದೆ ತಾವೇ ಕೇಳಿದರು.

“ಹಾಡವ್ರು ಯಾರು?”

“ನಮ್ಮ ಮಾವಾರು.”

“ವಯಸ್ಸು?”

“ಎಪ್ಪತ್ತಾರು.”

“ಸುರ?”

“ಕರೀ ಒಂದು. ಚೀಟ್ಯಾಗ ಬರದಾರ ನೋಡ್ರಿ.”

ಚಾಚಾ ಸುಮ್ಮನಾದರು. ಆಮೇಲೆ, “ಅವರಿಗೆ ಫೋನ್ ಹಚ್ರಿ,” ಅಂದರು.

ಸ್ವರದ ಸುದ್ದಿ ತೆಗೆಯಲೇ ಇಲ್ಲ. ಸಲಾಮ್ ಹೇಳಿ, ಮಳಿ ಹೆಂಗೈತಿ, ಈ ಸಲ ಮೆಣಸಿನಕಾಯಿ ಹೆಂಗ ಅಂತ ವಿಚಾರಿಸಿದರು. ಕಡೀಕ, “ಸಾಹೇಬ್ರ, ಒಂದೀಟ್ ಷಡ್ಜ ಹಚ್ರಿ. ನಿಮ್ಮ ಆವಾಜಿಗೆ ತಂಬೂರಿ ಕೂಡಸೂದೈತಿ,” ಅಂದರು.

ಫೋನಿನಲ್ಲಿ ಕೆಮ್ಮು ಕೇಳಿಸಿತು. ಆಮೇಲೆ ಮಾವನ ಸಾ. ಎರಡು ವರ್ಷದಿಂದ ನಾ ಕೇಳಿರಲಿಲ್ಲ. ಚಾಚಾ ಬದಿಯಲ್ಲಿದ್ದ ಸಣ್ಣ ಹಾರ್ಮೋನಿಯಂನ ಕರೀ ಒಂದರ ಮೇಲೆ ಬೆರಳಿಟ್ಟರು. ಕೂಡಲಿಲ್ಲ. ಬಿಳಿ ಒಂದು. ಅದೂ ಕೂಡಲಿಲ್ಲ. ಅದರ ಎಡಕ್ಕಿನ ಮನಿ, ಕೆಳಗಿನ ಸಪ್ತಕದ ಬಿಳಿ ಏಳು ಒತ್ತಿದರು. ಪೆಟ್ಟಿಗಿಯ ಸ್ವರ, ಮಾವನ ಸ್ವರ ಒಂದರೊಳಗೊಂದು ಹೋದವು.

“ಭಾಳ ಚಲೋ ಐತ್ರಿ ಆವಾಜು. ಆತು, ಬಿಡ್ರಿ,” ಅಂದು ಫೋನ್ ನನ್ನ ಕೈಗೆ ಕೊಟ್ಟರು. ಅದು ಬಂದ್ ಆದ ಮೇಲೆ ಮೆಲ್ಲಗೆ ಹೇಳಿದರು: “ಎರಡು ಮೆಟ್ಟಲಾ ಇಳದಾರ. ವಯಸ್ಸಾದ್ರ ಎಲ್ಲಾರೂ ಇಳೀತಾರ, ದೊಡ್ಡ ದೊಡ್ಡ ಪಂಡಿತರೂ. ಯಾರೂ ಚೀಟ್ಯಾಗ ಬರಿಯೂದಿಲ್ಲ.”

ಎರಡು ವರ್ಷ ಮನೆಯಲ್ಲಿ ಯಾರಿಗೂ ತಿಳಿಯದ ಸಂಗತಿ ಅರ್ಧ ನಿಮಿಷದಲ್ಲಿ ಈ ಮನುಷ್ಯನಿಗೆ ತಿಳಿದಿತ್ತು. ಎಲೆಕ್ಟ್ರಾನಿಕ್ ಪೆಟ್ಟಿಗಿಯಲ್ಲಿ ಸ್ವರ ಇಳಿಸುವುದು ಎಷ್ಟರ ಕೆಲಸ? ಒಂದು ಗುಂಡಿ ತಿರುವಿದ್ರ ಆತು. ಆದ್ರ ಆ ಗುಂಡಿಯನ್ನು ತಮ್ಮ ಕೈಯಿಂದ ತಿರುವುವುದು ಅಂದ್ರ, ನನ್ನ ಧ್ವನಿ ಇಳೀತು ಅಂತ ತಮಗೆ ತಾವೇ ಹೇಳಿಕೊಂಡಂಗ. ಅದರಕಿಂತ ಹಾಡೂದು ಬಿಡೂದು ಅವರಿಗೆ ಸಸಾರ ಅನಿಸಿರಬೇಕು.

ಚಾಚಾ ಮಾಡಿಗಿಯಿಂದ ಒಂದು ನಂಬರ್ ದಪ್ಪನೆಯ ತಂತಿ ತೆಗೆದರು. ಸ್ವರ ಇಳಿದಾಗ ತೆಳು ತಂತಿ ಸಡಲಾಗಿ ಸ್ವರ ಹಿಡಿಯೂದಿಲ್ಲ. ಪಂಚಮ, ನಡುವಿನ ಎರಡು ಜೋಡಿ ಷಡ್ಜ ಉಕ್ಕಿನವು, ಖರ್ಜಕ್ಕೆ ಹಿತ್ತಾಳಿ. ಕುದುರಿ ಕರೀ ಕಟಗಿಯದೇ ಆಗಲಿ ಅಂದರು. ಎಲುಬಿನ ನಾದ ಚೂಪು, ಕಟಗಿಯದು ಮೆತ್ತಗ, ಇಳಿದ ಧ್ವನಿಗೆ ಅದು ಜೊತಿ ಕೊಡತೈತಿ.

ಆಮೇಲೆ ನಡೆದದ್ದಕ್ಕೆ ಮಧ್ಯಾಹ್ನ ಪೂರ್ತಿ ಹಿಡಿಯಿತು. ಪಿಟೀಲಿನ ಕುದುರಿಯ ಅಂಚು ಕಿರಿದು, ತಂತಿ ಒಂದು ಗೆರಿ ಮೇಲೆ ಕುಂತಿರತೈತಿ. ತಂಬೂರಿಯದು ಅಗಲ, ಅದರ ಬೆನ್ನು ಕಂಡೂ ಕಾಣದಷ್ಟು ಇಳಿಜಾರು. ಮಿಡಿದ ತಂತಿ ಆ ಇಳಿಜಾರನ್ನು ಸವರಿಕೊಂಡು ನಡುಗತೈತಿ. ತಂತಿಯ ಕೆಳಗೆ ಒಂದು ಹತ್ತಿ ನೂಲು ಇಟ್ಟು, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದ್ರ ಒಂದು ಜಾಗದಲ್ಲಿ ನಾದ ಅರಳತೈತಿ. ಸಿ.ವಿ. ರಾಮನ್ 1921ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದರು. ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಮೇಲಿನ ಸ್ವರಗಳು ಹುಟ್ಟಲೇಬಾರದು ಅನ್ನುವುದು ಯುರೋಪಿನ ವಿಜ್ಞಾನಿಗಳ ನಿಯಮ. ತಂಬೂರಿಯಲ್ಲಿ ಅವೂ ಜೋರಾಗಿ ಕೇಳಿಸುತ್ತವೆ, ಈ ಕುದುರಿಯ ಕಾರಣದಿಂದ.

ಚಾಚಾಗೆ ನಾ ರಾಮನ್ ಹೆಸರು ಹೇಳಲಿಲ್ಲ. ಅವರು ಕುದುರಿಗೆ ಎರಡು ಸಲ ಅರ ಹಚ್ಚೂದು, ತಂತಿ ಏರಿಸೂದು, ಮೀಟೂದು, ಕಣ್ಣು ಮುಚ್ಚೂದು, ಮತ್ತ ಇಳಿಸೂದು. ಹಿಂಗ ಇಪ್ಪತ್ತು ಸಲ ಆಗಿರಬೇಕು. ಪಾಲಿಶ್ ಹುಡುಗನನ್ನು ತೋರಿಸಿ, ಇವನಿಗೂ ಇದು ಬರತೈತೇನ್ರಿ ಅಂತ ಕೇಳಿದೆ.

“ಅರ ಹಿಡಿಯಾಕ ಆರು ತಿಂಗಳ ಸಾಕು. ಅರ ಕೆಳಗ ಇಡಾಕ ಹತ್ತು ವರ್ಷ,” ಅಂದರು. ಅವರ ಸ್ವಂತ ಮಗ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ.

ಹಳೇ ಕುದುರಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, “ಇದನ್ನೂ ಕೊಡ್ರಿ ಅವರಿಗೆ. ಭಾಳ ದುಡದೈತಿ,” ಅಂದರು. ಬರುವಾಗ ಮೀರಾಸಾಹೇಬ್ ದರ್ಗಾದ ಮುಂದೆ ಹಾದು ಬಂದೆ. ಅಬ್ದುಲ್ ಕರೀಂ ಖಾನರು ಮಣ್ಣಾದದ್ದು ಅಲ್ಲೇ. ವರ್ಷಾ ಉರುಸಿನಲ್ಲಿ ಅವರ ನೆನಪಿಗೆ ಹಾಡತಾರ.

ಊರಿಗೆ ತಂದು ಮಾವನ ಮುಂದೆ ಇಟ್ಟೆ. ಹಳೇ ಕುದುರಿಯನ್ನು ಅಂಗೈಯಲ್ಲಿ ಹಿಡಕೊಂಡು ಸ್ವಲ್ಪ ಹೊತ್ತು ಕುಂತರು. ಆಮೇಲೆ ಮೀಟಿದರು. ನಾಲ್ಕೂ ತಂತಿ ಒಂದು ಸುತ್ತು ಮುಗಿಯುವುದರೊಳಗೆ ಅವರ ಕೈ ನಿಂತಿತು. ನನ್ನ ಮುಖ ನೋಡಿದರು.

“ಕರೀ ಒಂದು ಅಲ್ಲ ಇದು. ಯಾರು ಹೇಳಿದ್ರು ಅವರಿಗೆ?”

“ನೀವ ಹೇಳಿದ್ರೆಲ್ಲ ಮಾವಾ, ಫೋನಿನ್ಯಾಗ.”

ಸಿಟ್ಟು ಬಂತೇನೋ ಅಂದುಕೊಂಡೆ. “ಹೌದಪಾ, ನಾನ ಹೇಳೇನಿ,” ಅಂದು ಮತ್ತ ಮೀಟಿದರು. ಹಾಡಲಿಲ್ಲ. ಮೂರು ದಿನ ಬರೇ ತಂಬೂರಿ ಕೇಳಿದರಂತ. ನಾಲ್ಕನೇ ದಿನ ಮುಂಜಾನಿ ಅತ್ತಿ ಫೋನ್ ಮಾಡಿ ಮಾತಾಡದ ಹಂಗ ಹಿಡದು ನಿಂತಳು, ನನಗ ಕೇಳಸಲಿ ಅಂತ.

ಯಾವ ಸಾಮಾನೇ ಆದರೂ ಈಗ ಬಿಡಿ ಭಾಗ ಮನಿ ಬಾಗಿಲಿಗೆ ಬರತಾವ. ತಂಬೂರಿಯ ಕುದುರಿಯೂ ಬರತೈತಿ, ಬ್ಯಾಡ ಅನ್ನೂದಿಲ್ಲ. ಆದರೆ ಅದರ ಜೊತಿಗೆ, ಯಾರು ಹಾಡತಾರ, ವಯಸ್ಸೆಷ್ಟು ಅಂತ ಕೇಳುವ ಮನುಷ್ಯ ಬರೂದಿಲ್ಲ. ನಮ್ಮ ಸೀಮೆಯ ಎಷ್ಟೋ ಮನಿ, ಮಠದಾಗ ಹಿರಿಯರ ತಂಬೂರಿ ಗ್ವಾಡಿಗೆ ಆನಿಸಿಕೊಂಡು ನಿಂತಾವ, ಧೂಳ ತಿನ್ನಕೋತ. ನಿಮ್ಮಲ್ಲೂ ಒಂದಿದ್ದರ ಕೌದ್ಯಾಗ ಸುತ್ತಿಕೊಂಡು ಒಮ್ಮೆ ಮಿರಜಿಗೆ ಹೋಗಿ ಬರ್ರಿ. ಹಾಡುವವರು ಇನ್ನೂ ಇದ್ದರ ಅವರ ಫೋನ್ ನಂಬರ್ ಜೊತಿಗೆ ಇರಲಿ. ತಡಾ ಮಾತ್ರ ಮಾಡಬ್ಯಾಡ್ರಿ. ಆ ಚಾಚಾಗೂ ಎಪ್ಪತ್ತು ದಾಟೇತಿ.