ಷೆಡ್ಡಿನಲ್ಲಿ ಕಡಲು

ನಮ್ಮ ಆರ್‌ಪಿಸಿ ಲೇಔಟಿನಲ್ಲಿ ಷೆಡ್ಡಿದ್ದವರಿಗೆ ಕಾರಿಲ್ಲ, ಕಾರಿದ್ದವರಿಗೆ ಷೆಡ್ಡಿಲ್ಲ. ಪಕ್ಕದ ಮನೆಯ ಮಿತ್ರರು ಮೊದಲನೆಯ ಪಂಗಡದವರು. ಖಾಲಿ ಬಿದ್ದಿದ್ದ ಷೆಡ್ಡಿನಲ್ಲಿ ಅವರು ಕಡಲನ್ನು ತಂದು ನಿಲ್ಲಿಸಿದರು.

ಅವರು ಮಲ್ಪೆಯ ಕಡೆಯವರು. ಹಿರಿಯರೆಲ್ಲ ದೋಣಿ ನಡೆಸಿದವರು. ಇವರು ಕಂಪ್ಯೂಟರಿನ ಕೆಲಸಕ್ಕೆಂದು ಘಟ್ಟ ಹತ್ತಿದರು. ‘ಶಾರ್ಕ್ ಸಾಕಿದ್ದೇನೆ, ಬನ್ನಿ ಮಾಸ್ಟ್ರೇ’ ಎಂದು ಕರೆದಾಗ ನಾನು ನಕ್ಕೆ. ಅಂಗಡಿಗಳಲ್ಲಿ ಶಾರ್ಕ್ ಎಂದು ಮಾರುವ ಬೆಳ್ಳಿ ಬಣ್ಣದ ಮರಿ ಎಷ್ಟೋ ವೇಳೆ ಮೆಕಾಂಗ್ ನದಿಯ ಕ್ಯಾಟ್‌ಫಿಶ್ ಅಷ್ಟೆ ಎಂದು ಎಲ್ಲೋ ಓದಿದ್ದೆ. ಮೇಷ್ಟರಾದವರಿಗೆ ಓದಿದ್ದನ್ನು ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ, ಹೇಳಿಬಿಟ್ಟೆ.

ಹೋಗಿ ನೋಡಿದರೆ ನಿಜವಾದ ಶಾರ್ಕುಗಳೇ! ಮೊಳದುದ್ದದ ಎರಡು, ಮೈಮೇಲೆ ಕಂದು ಪಟ್ಟೆ. ಬ್ಯಾಂಬೂ ಶಾರ್ಕ್ ಎಂದು ಹೆಸರಂತೆ. ದೊಡ್ಡ ಶಾರ್ಕುಗಳಲ್ಲಿ ಕೆಲವು ಈಜುತ್ತಲೇ ಇರದಿದ್ದರೆ ಉಸಿರು ಕಟ್ಟಿ ಸಾಯುತ್ತವೆ. ಇವು ಹಾಗಲ್ಲ, ತಳದಲ್ಲಿ ಮಲಗಿಯೇ ಕಿವಿರಿಗೆ ನೀರು ಹಾಯಿಸಿಕೊಳ್ಳಬಲ್ಲವು. ಕೊಳದಲ್ಲಿ ಬಾಳುವೆ ಸಾಧ್ಯವಾದದ್ದು ಈ ಸೋಮಾರಿತನದಿಂದ. ಪಕ್ಕದಲ್ಲಿ ಮರಳು ಹೊದ್ದು ಮಲಗಿತ್ತು ಒಂದು ತೊರಕೆ, ನೀಲಿ ಚುಕ್ಕೆಗಳದು, ತಟ್ಟೆಯಷ್ಟಗಲ.

ಮೂರು ಸಾವಿರ ಲೀಟರ್ ನೀರು. ಲೀಟರಿಗೆ ಸುಮಾರು 35 ಗ್ರಾಮಿನಂತೆ ಒಂದು ಕ್ವಿಂಟಲಿಗೂ ಮೇಲೆ ಉಪ್ಪು. ಅದೂ ಅಡಿಗೆಯ ಉಪ್ಪಲ್ಲ, ಕಡಲಿನ ಲವಣಗಳನ್ನೆಲ್ಲ ಕೂಡಿಸಿದ ಮಿಶ್ರಣ. ಕಡಲು ಸೇರಲು ಹೊರಟ ಕಾವೇರಿಯನ್ನು ತಡೆದು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಐನೂರು ಮೀಟರು ಮೇಲಕ್ಕೆ ತಳ್ಳಿ ತಂದು, ಇಲ್ಲಿ ಉಪ್ಪು ಬೆರೆಸಿ ಕಡಲು ಮಾಡುವುದು! ನಾನು ಈ ಮಾತನ್ನು ದೊಡ್ಡದಾಗಿ ಹೇಳಿದೆ. ಮಿತ್ರರು, ‘ನಮ್ಮನ್ನೂ ಹಾಗೇ ಮೇಲಕ್ಕೆ ಹತ್ತಿಸಿದ್ದಲ್ಲವಾ’ ಎಂದರು.

ಊರಿನಿಂದ ಬಂದಿದ್ದ ಅವರ ತಾಯಿ ಮೊದಲ ದಿನ ಕೊಳಕ್ಕೆ ಬಗ್ಗಿ ನೋಡಿ, ‘ಇದು ಸಾರಿಗಾ ಮಗಾ?’ ಎಂದು ಕೇಳಿದರಂತೆ. ಸಾಕುವುದಕ್ಕೆ ಎಂದಾಗ ಮಗನ ಮುಖವನ್ನು ಸುಮ್ಮನೆ ನೋಡಿದರಂತೆ. ಆದರೆ ದಿನ ಕಳೆದಂತೆ ಸಂಜೆಯ ಹೊತ್ತು ಅವರು ಮಣೆ ಹಾಕಿಕೊಂಡು ಕೂರುವುದು ಆ ಷೆಡ್ಡಿನಲ್ಲೇ ಆಯಿತು. ಟೀವಿ ಬೇಡ, ಪಾರ್ಕು ಬೇಡ. ಉಪ್ಪುನೀರಿನ ವಾಸನೆ ಬರುತ್ತದಲ್ಲ, ಅದು ಸಾಕು. ತೊರಕೆ ಗಾಜಿನ ಬದಿಗೆ ಏರಿ ಬಂದಾಗ ಅದರ ಬಿಳಿಯ ಹೊಟ್ಟೆಯ ಕಡೆ ಒಂದು ನಗುಮುಖ ಕಾಣುತ್ತದೆ. ನಾವು ಕಣ್ಣೆಂದು ತಿಳಿಯುವುದು ಮೂಗಿನ ಹೊಳ್ಳೆಗಳು. ನಿಜವಾದ ಕಣ್ಣು ಬೆನ್ನಿನ ಕಡೆ. ಇದನ್ನೂ ನಾನು ವಿವರಿಸಿದೆ. ಆಕೆ ಕೇಳಿಸಿಕೊಳ್ಳಲಿಲ್ಲ, ಅದು ನಕ್ಕಾಗ ತಾವೂ ನಕ್ಕರು.

ಕಳೆದ ಏಪ್ರಿಲಿನಲ್ಲಿ ಊರಿನ ಮದುವೆಗೆ ಮೂರು ದಿನ ಎಲ್ಲರೂ ಹೊರಟರು. ಬೀಗದ ಕೈ ನನಗೆ ಕೊಟ್ಟರು, ಜೊತೆಗೆ ಒಂದು ಚೀಟಿ: ನೀರು ಆರಿದರೆ ಡ್ರಮ್ಮಿನಲ್ಲಿಟ್ಟ ಸಿಹಿನೀರು ಹಾಕಿ, ಉಪ್ಪು ಬೇಡ, ಉಪ್ಪು ಆರುವುದಿಲ್ಲ. ತಾಮ್ರದ ಚೊಂಬು ಅದ್ದಬೇಡಿ, ತಾಮ್ರ ಇವಕ್ಕೆ ವಿಷ. ತೊರಕೆಯ ಬಾಲದಲ್ಲಿ ಮುಳ್ಳಿದೆ, ಕೈ ಹಾಕಬೇಡಿ. ಎಲ್ಲವನ್ನೂ ಪಾಲಿಸಿದೆ. ಸ್ಟೀಲಿನ ಚೊಂಬನ್ನೇ ಒಯ್ದೆ.

ಎರಡನೆಯ ರಾತ್ರಿ ನೀರು ಹಾಕಿ ಹೊರಬರುವಾಗ ಸ್ವಿಚ್ಚುಗಳನ್ನು ಆರಿಸಿ ಬಾಗಿಲೆಳೆದುಕೊಂಡೆ. ಕೋಣೆ ಬಿಡುವಾಗ ಸ್ವಿಚ್ಚು ಆರಿಸದಿದ್ದರೆ ನಮ್ಮ ತಂದೆ ಊಟಕ್ಕೆ ಕರೆಯುತ್ತಿರಲಿಲ್ಲ. ಕೈ ತಾನಾಗಿ ಹೋಗಿತ್ತು. ದೀಪದ ಸ್ವಿಚ್ಚಿನ ಪಕ್ಕದ್ದು ಪಂಪಿನದು.

ಸೆಕೆಯ ರಾತ್ರಿ. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆ. ಬೆಳಿಗ್ಗೆ ನೋಡಿದಾಗ ಶಾರ್ಕುಗಳೆರಡೂ ತಳದಲ್ಲಿ ಏದುತ್ತಿದ್ದವು, ಬದುಕಿದವು. ತೊರಕೆ ಅಂಗಾತ ಬಿದ್ದಿತ್ತು, ನಗುತ್ತ.

ದೂರವಾಣಿಯಲ್ಲಿ ಹೇಳುವ ಧೈರ್ಯವಾಗಲಿಲ್ಲ. ‘ಕರೆಂಟು ಹೋಗಿತ್ತು’ ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವರು ಬಂದ ಮೇಲೆ ನಿಜವನ್ನೇ ಹೇಳಿದೆ. ಮಿತ್ರರು, ‘ಹೋಗಲಿ ಮಾಸ್ಟ್ರೇ, ನನಗೂ ಆಗಬಹುದಿತ್ತು’ ಎಂದರು. ತಾಯಿ ಏನೂ ಹೇಳಲಿಲ್ಲ. ಆ ಸಂಜೆ ಮಣೆ ಗೋಡೆಗೆ ಒರಗಿಯೇ ಇತ್ತು.

ಹೋದ ವಾರ ಅವರು ಮತ್ತೆ ಊರಿಗೆ ಹೋದರು. ಬೀಗದ ಕೈ ಎದುರುಮನೆಯಲ್ಲಿ ಕೊಟ್ಟರಂತೆ. ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಯಿತು. ಎದ್ದು ಹೋಗಿ ಕಾಂಪೌಂಡಿನ ಗೋಡೆಯ ಬಳಿ ನಿಂತು ಕಿವಿಗೊಟ್ಟೆ. ಪಂಪು ಓಡುತ್ತಿತ್ತು.