ಅಡಿಗೆಮನೆಯ ಮೇಜು

ಪುಸ್ತಕವನ್ನು ಕೈಗೆತ್ತಿಕೊಂಡವರು ಮೊದಲು ಗ್ರಂಥಕರ್ತರ ಹೆಸರನ್ನು ನೋಡುತ್ತಾರೆ. ಬಳಿಕ ಬೆಲೆಯನ್ನು ನೋಡುತ್ತಾರೆ. ಪ್ರಕಾಶಕರ ಹೆಸರನ್ನು ನೋಡುವವರು ನೂರಕ್ಕೊಬ್ಬರು. ಊಟ ರುಚಿಯಾಗಿದ್ದ ಮೇಲೆ ಒಲೆ ಯಾರದೆಂದು ಕೇಳುವವರುಂಟೆ? ಆದರೆ ಕೆಲವು ಪುಸ್ತಕಗಳ ಮಟ್ಟಿಗೆ ಒಲೆ ಯಾರದೆಂಬುದೇ ಮುಖ್ಯವಾದ ಸಂಗತಿ. ಒಲೆಯಿಲ್ಲದ ಕಾರಣ ಅಕ್ಕಿಯು ಅನ್ನವಾಗದೆ ಉಳಿದುಹೋದ ಮನೆಗಳು ಎಷ್ಟೋ ಇವೆ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1980ನೆಯ ಇಸವಿಯಲ್ಲಿ ಹುಟ್ಟಿದ ಒಂದು ಪ್ರಕಾಶನಸಂಸ್ಥೆಯ ಹೆಸರು ‘ಕಿಚನ್ ಟೇಬಲ್: ವಿಮೆನ್ ಆಫ್ ಕಲರ್ ಪ್ರೆಸ್’. ಕನ್ನಡದಲ್ಲಿ ಹೇಳುವುದಾದರೆ, ‘ಅಡಿಗೆಮನೆಯ ಮೇಜು: ಬಿಳಿಯರಲ್ಲದ ಸ್ತ್ರೀಯರ ಅಚ್ಚುಕೂಟ’. ಆ ದೇಶದ ಮನೆಗಳಲ್ಲಿ ಅಡಿಗೆಮನೆಯಲ್ಲೊಂದು ಮೇಜಿರುವುದುಂಟು. ತರಕಾರಿ ಹೆಚ್ಚುವುದು, ಮಕ್ಕಳು ಪಾಠ ಬರೆಯುವುದು, ನೆರೆಯವರೊಡನೆ ಸುಖದುಃಖ ಹೇಳಿಕೊಳ್ಳುವುದು ಎಲ್ಲವೂ ಅದರ ಸುತ್ತಲೇ. ಹೆಂಗಸರು ದುಡಿಯುವ ಮತ್ತು ಮಾತನಾಡಿಕೊಳ್ಳುವ ಸ್ಥಳ ಅದೆಂತಲೂ, ಪಿತ್ರಾರ್ಜಿತವನ್ನು ನೆಚ್ಚಿಕೊಳ್ಳಲಾರದವರು ಕಟ್ಟಿದ ಸಂಸ್ಥೆ ಇದೆಂತಲೂ ತೋರಿಸುವುದಕ್ಕಾಗಿ ಈ ಹೆಸರನ್ನಿಟ್ಟರು. ಈ ವಿಷಯವನ್ನು ನಮ್ಮ ಅತ್ತೆಯವರಿಗೆ ಹೇಳಿದೆವು. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸದೆಯೇ, “ಸರಿಯಾದ ಹೆಸರನ್ನೇ ಇಟ್ಟಿದ್ದಾರೆ ಕಣಮ್ಮ. ಮನೆಯ ಮಾತೆಲ್ಲ ಹುಟ್ಟುವುದು ಅಲ್ಲಿಯೇ. ಪಡಸಾಲೆಗೆ ಬರುವುದು ಸೋಸಿದ ಮೇಲೆ” ಎಂದರು.

ಸೋಸುವವರು ಯಾರೆಂಬುದೇ ಈ ಸಂಸ್ಥೆಯ ಕಥೆ. ಆಡ್ರಿ ಲಾರ್ಡ್ ಎಂಬ ಕವಯಿತ್ರಿ, ವೆಸ್ಟ್ ಇಂಡೀಸಿನ ದ್ವೀಪಗಳಿಂದ ನ್ಯೂಯಾರ್ಕಿಗೆ ಬಂದ ತಂದೆತಾಯಿಗಳ ಮಗಳು. ಬಾರ್ಬರಾ ಸ್ಮಿತ್ ಎಂಬಾಕೆ ಕ್ಲೀವ್‌ಲೆಂಡ್ ನಗರದಲ್ಲಿ ಹುಟ್ಟಿದ ಲೇಖಕಿ. ಇಬ್ಬರೂ ಕಪ್ಪು ಜನಾಂಗದವರು. ಇಬ್ಬರೂ ಸ್ತ್ರೀಯರನ್ನೇ ಪ್ರೀತಿಸಿದವರು, ಅದನ್ನು ಮುಚ್ಚಿಡದವರು. ಇಂಥವರ ಬರಹಕ್ಕೆ ಬಾಗಿಲುಗಳು ಕಡಿಮೆ. ದೊಡ್ಡ ಪ್ರಕಾಶಕರಿಗೆ ಅದರಲ್ಲಿ ಲಾಭ ಕಾಣದು. ಬಿಳಿಯ ಹೆಂಗಸರು ನಡೆಸುವ ಕಡೆ ಇವರು ಅತಿಥಿಗಳು. ತಮ್ಮ ಜನಾಂಗದ ಗಂಡಸರ ಸಭೆಯಲ್ಲಿ ಈ ಪ್ರೀತಿಯ ಮಾತೆತ್ತಿದರೆ ಮುಖ ಕಿವುಚುವವರು ಅನೇಕರು. ಒಂದು ದಿನ ದೂರವಾಣಿಯಲ್ಲಿ ಮಾತನಾಡುತ್ತ, ಪ್ರಕಾಶನದ ವಿಷಯದಲ್ಲಿ ನಾವೇ ಏನನ್ನಾದರೂ ಮಾಡಬೇಕೆಂದು ಲಾರ್ಡ್ ಸೂಚಿಸಿದರು. ಆ ವರುಷದ ಅಕ್ಟೋಬರ್ ಕೊನೆಯಲ್ಲಿ ಬಾಸ್ಟನ್ನಿನಲ್ಲಿ ಕೆಲವರು ಕಲೆತರು, ಸಂಸ್ಥೆ ಮೊದಲಾಯಿತು.

ತಮ್ಮದೇ ಒಲೆ ಏಕೆ ಬೇಕೆಂಬುದು ಬಹುಬೇಗ ತಿಳಿದುಬಂದಿತು. ಚೆರಿ ಮೊರಾಗಾ ಮತ್ತು ಗ್ಲೋರಿಯಾ ಆನ್‌ಸಾಲ್ದುವಾ ಎಂಬ ಮೆಕ್ಸಿಕನ್ ಮೂಲದ ಇಬ್ಬರು ಲೇಖಕಿಯರು ಸಂಪಾದಿಸಿದ ‘ದಿಸ್ ಬ್ರಿಡ್ಜ್ ಕಾಲ್ಡ್ ಮೈ ಬ್ಯಾಕ್’ ಎಂಬ ಸಂಕಲನ 1981ರಲ್ಲಿ ಪರ್ಸೆಫೊನಿ ಎಂಬ ಬೇರೊಂದು ಸ್ತ್ರೀಪ್ರಕಾಶನದಿಂದ ಹೊರಬಿದ್ದಿತ್ತು. ಕಪ್ಪು ಜನಾಂಗದವರು, ಮೂಲನಿವಾಸಿಗಳು, ಏಷ್ಯಾ ಖಂಡದಿಂದ ಹೋದವರ ಮಕ್ಕಳು, ಲ್ಯಾಟಿನ್ ಕುಲದವರು ಎಲ್ಲರೂ ಅದರಲ್ಲಿ ಬರೆದಿದ್ದರು. 1983ರಲ್ಲಿ ಪರ್ಸೆಫೊನಿ ಮುಚ್ಚಿಹೋಯಿತು. ಪ್ರಕಾಶಕರು ಮುಚ್ಚಿದರೆ ಪುಸ್ತಕವು ತಬ್ಬಲಿ. ಅದೇ ವರುಷ ಅಡಿಗೆಮನೆಯ ಮೇಜಿನವರು ಆ ಸಂಕಲನವನ್ನು ತಾವೇ ಮರುಮುದ್ರಿಸಿದರು. ಜೊತೆಗೆ ಸ್ಮಿತ್ ಸಂಪಾದಿಸಿದ ‘ಹೋಂ ಗರ್ಲ್ಸ್’ ಎಂಬ ಸಂಗ್ರಹವೂ, ಲ್ಯಾಟಿನ್ ಸ್ತ್ರೀಯರ ಕಥೆಗಳ ‘ಕ್ವೆಂತೋಸ್’ ಎಂಬ ಸಂಗ್ರಹವೂ ಆ ವರುಷವೇ ಬಂದವು. ಮುಂದೆ ಚಿಕ್ಕ ಚಿಕ್ಕ ಹೊತ್ತಗೆಗಳನ್ನೂ ಹೊರತಂದರು. ಇದನ್ನೆಲ್ಲ ಬಹುಮಟ್ಟಿಗೆ ಸಂಬಳವಿಲ್ಲದ ಕೈಗಳೇ ಮಾಡಿದವು. ಕಟ್ಟು ಕಟ್ಟುವುದು, ವಿಳಾಸ ಬರೆಯುವುದು, ಬಾಕಿ ವಸೂಲಿಗೆ ಕಾಗದ ಹಾಕುವುದು: ಪ್ರಕಾಶನದಲ್ಲಿ ಸಾಹಿತ್ಯಕ್ಕಿಂತ ಹೊರೆಕೆಲಸವೇ ಹೆಚ್ಚೆಂಬುದನ್ನು ಮಾಸಪತ್ರಿಕೆಯ ಗಂಧವುಳ್ಳವರೆಲ್ಲರೂ ಬಲ್ಲರು.

ಅವರ ಪುಸ್ತಕಗಳಲ್ಲಿ ನಮ್ಮ ಮನಸ್ಸಿಗೆ ಹಿಡಿದುದು 1988ರಲ್ಲಿ ಬಂದ ಹಿಸಾಯೆ ಯಮಮೊಟೊ ಅವರ ‘ಸೆವೆಂಟೀನ್ ಸಿಲಬಲ್ಸ್’ ಎಂಬ ಕಥಾಸಂಗ್ರಹ. ಈಕೆ ಕ್ಯಾಲಿಫೋರ್ನಿಯದ ಜಪಾನೀ ರೈತರ ಮಗಳು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಅಮೆರಿಕಾ ಸರ್ಕಾರವು ಶಿಬಿರಗಳಿಗೆ ತಳ್ಳಿದಾಗ ಈಕೆಯೂ ಆರಿಜೋನಾದ ಪೋಸ್ಟನ್ ಶಿಬಿರದಲ್ಲಿದ್ದವರು. ಸಂಗ್ರಹಕ್ಕೆ ಹೆಸರಿತ್ತ ಕಥೆ ಮೊದಲು ಪ್ರಕಟವಾದುದು 1949ರಲ್ಲಿ. ಅದರಲ್ಲಿ ಒಬ್ಬ ತಾಯಿ ಹಗಲೆಲ್ಲ ಹೊಲದಲ್ಲಿ ದುಡಿದು, ಅಡಿಗೆ ಮುಗಿಸಿ, ರಾತ್ರಿ ಹದಿನೇಳು ಅಕ್ಷರಗಳ ಹೈಕು ಪದ್ಯಗಳನ್ನು ಬೇರೊಂದು ಹೆಸರಿನಲ್ಲಿ ರಚಿಸುತ್ತಾಳೆ. ಆಕೆಗೆ ಪತ್ರಿಕೆಯ ಬಹುಮಾನ ಬರುತ್ತದೆ. ಸಂಪಾದಕನೇ ಚಿತ್ರಪಟವೊಂದನ್ನು ಮನೆಗೆ ತಂದುಕೊಡುತ್ತಾನೆ. ಹೊರಗೆ ಟೊಮ್ಯಾಟೊ ಕೊಯ್ಲು. ಒಳಗೆ ಅತಿಥಿಯೊಡನೆ ಕಾವ್ಯದ ಮಾತು. ಕೆಲಸ ಕೆಡುತ್ತಿದೆಯೆಂದು ಸಿಟ್ಟಿಗೆದ್ದ ಗಂಡನು ಆ ಪಟವನ್ನು ಕೊಡಲಿಯಿಂದೊಡೆದು ಸುಟ್ಟುಬಿಡುತ್ತಾನೆ.

ಇದನ್ನೋದಿ ನಮಗೆ ನೆನಪಾದುದು ನಮ್ಮ ತಂದೆಯವರ ಸೋದರತ್ತೆ. ಹಸೆಗೆ ಕರೆಯುವ ಹಾಡುಗಳನ್ನು ಅವರು ತಾವೇ ಕಟ್ಟಿ, ಬೆಲ್ಲದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದರಂತೆ. ಅಲ್ಲಿ ಯಾರೂ ಕೊಡಲಿ ಎತ್ತಲಿಲ್ಲ. ಅವರು ತೀರಿಕೊಂಡ ವರುಷ, ನಾವು ಹುಟ್ಟುವ ಮುನ್ನವೇ, ಆ ಲೆಕ್ಕದ ಪುಸ್ತಕ ಹಳೆಯ ಕಾಗದದವನ ತಕ್ಕಡಿಗೆ ಹೋಯಿತು. ಎರಡು ಹಾಡುಗಳು ಮಾತ್ರ ನಮ್ಮ ತಾಯಿಯವರ ಬಾಯಲ್ಲಿ ಉಳಿದಿದ್ದವು.

ಇಷ್ಟು ಹೇಳಿದ ಮೇಲೆ ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ಹಾಡು, ಹೈಕು ಸರಿ. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಪ್ರೀತಿಸುವ ಮಾತು ಸಂಸಾರಸ್ಥರ ಪತ್ರಿಕೆಗೆ ತಕ್ಕದ್ದೆ? ಆ ಮಾತು ಪತ್ರಿಕೆಗೆ ಬರುವುದಕ್ಕಿಂತ ಬಹಳ ಮೊದಲೇ ಸಂಸಾರದೊಳಗಿತ್ತೆಂಬುದೇ ನಮ್ಮ ಉತ್ತರ. ಕನ್ನಡದಲ್ಲಿಯೂ ಇದಕ್ಕೊಂದು ಒಲೆ ಹೂಡಿದವರಿದ್ದಾರೆ. ಬಳ್ಳಾರಿ ಸೀಮೆಯ ಸಂಡೂರಿನಿಂದ ಬಂದ ಕಥೆಗಾರ ವಸುಧೇಂದ್ರರು ಬೆಂಗಳೂರಿನಲ್ಲಿ ‘ಛಂದ ಪುಸ್ತಕ’ವೆಂಬ ಪ್ರಕಾಶನವನ್ನು ತಾವೇ ಸ್ಥಾಪಿಸಿ, ಹೊಸಬರ ಹಸ್ತಪ್ರತಿಗಳನ್ನು ಸ್ಪರ್ಧೆಯ ಮೂಲಕ ಆರಿಸಿ ಅಚ್ಚು ಮಾಡಿದವರು. ಗಂಡಸನ್ನು ಪ್ರೀತಿಸುವ ಗಂಡಸೊಬ್ಬನ ಕಥೆಗಳಾದ ಅವರ ‘ಮೋಹನಸ್ವಾಮಿ’ 2013ರಲ್ಲಿ ಹೊರಬಂದುದು ಅಲ್ಲಿಂದಲೇ. ಇಂಥ ಪ್ರೀತಿಯು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 2018ರ ಸೆಪ್ಟೆಂಬರ್ 6ರಂದು. ಪುಸ್ತಕವು ನ್ಯಾಯಾಲಯಕ್ಕಿಂತ ಐದು ವರುಷ ಮುಂದಿತ್ತು. ಬೇರೊಬ್ಬರ ಅಪ್ಪಣೆಗೆ ಕಾದಿದ್ದರೆ ಆ ಪುಸ್ತಕ ಅಷ್ಟು ಬೇಗ ಬರುತ್ತಿತ್ತೆಂದು ನಮಗೆ ನಂಬಿಕೆಯಿಲ್ಲ.

ಅಮೆರಿಕೆಯ ಮೇಜು ಬಹುಕಾಲ ನಿಲ್ಲಲಿಲ್ಲ. 1992ರಲ್ಲಿ ಲಾರ್ಡ್ ಕ್ಯಾನ್ಸರಿನಿಂದ ತೀರಿಕೊಂಡರು. ಆ ದಶಕದ ನಡುವಿನಲ್ಲಿ ಸ್ಮಿತ್ ಅದನ್ನು ಬಿಟ್ಟರು, ಸಂಸ್ಥೆಯೂ ನಿಂತಿತು. ಆದರೆ ಪುಸ್ತಕಗಳು ತಕ್ಕಡಿಗೆ ಹೋಗಲಿಲ್ಲ. ಯಮಮೊಟೊ ಅವರ ಕಥೆಗಳನ್ನೂ ‘ಹೋಂ ಗರ್ಲ್ಸ್’ ಸಂಗ್ರಹವನ್ನೂ ರಟ್ಗರ್ಸ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಎತ್ತಿಕೊಂಡಿತು. ಮೊರಾಗಾ, ಆನ್‌ಸಾಲ್ದುವಾ ಅವರ ಸಂಕಲನದ ನಾಲ್ಕನೆಯ ಆವೃತ್ತಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ 2015ರಲ್ಲಿ ಬಂದಿತು. ಹದಿನೈದು ವರುಷದ ಕೂಲಿಯಿಲ್ಲದ ದುಡಿಮೆಗೆ ಇದು ಸಾಕೋ ಸಾಲದೋ, ದುಡಿದವರೇ ಹೇಳಬೇಕು.

ನಮ್ಮ ಬಂಧುಗಳಲ್ಲಿ ಒಬ್ಬಾಕೆ, ವರಸೆಯಲ್ಲಿ ನಮಗೆ ತಂಗಿ, ತನ್ನ ಮಗನಿಗೆ ನಾಲ್ಕು ವರುಷ ಹೆಣ್ಣು ಹುಡುಕಿದಳು. ಕಳೆದ ದೀಪಾವಳಿಗೆ ಬಂದ ಮಗನು, ಹೊರಡುವ ದಿನ, ಏನೂ ಹೇಳದೆ ತಾಯಿಯ ಕೈಗೆ ‘ಮೋಹನಸ್ವಾಮಿ’ಯ ಪ್ರತಿಯೊಂದನ್ನು ಕೊಟ್ಟುಹೋದನು. ಆಕೆ ಅದನ್ನು ಬೇಳೆಯ ಡಬ್ಬಗಳ ಹಿಂದಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಓದಿದಳಂತೆ. ಮುಗಿಸುವುದಕ್ಕೆ ಹನ್ನೊಂದು ರಾತ್ರಿ ಹಿಡಿಯಿತು. ಬಳಿಕ ನಮ್ಮಲ್ಲಿಗೆ ಬಂದಾಗ, “ಅಕ್ಕ, ಪೂರ್ತಿ ಓದಿದೆ” ಎಂದಳು. ನಾವೇನೂ ಕೇಳಲಿಲ್ಲ, ಆಕೆಯೂ ಮುಂದೆ ಹೇಳಲಿಲ್ಲ. ಮರುವಾರ ಶಾಸ್ತ್ರಿಗಳ ಮನೆಗೆ ಹೋಗಿ ಮಗನ ಜಾತಕವನ್ನು ಹಿಂದಕ್ಕೆ ತಂದಳೆಂದು ಕೇಳಿದೆವು. ಪುಸ್ತಕ ಇನ್ನೂ ಡಬ್ಬಗಳ ಹಿಂದೆಯೇ ಇದೆ. ಮಗನು ಅದನ್ನು ಮರಳಿ ಕೇಳಿಲ್ಲ.