ಹೊಟ್ಟೆಗಾಲಿನ ಸವಾರಿ

ಒಗ್ಗರಣೆಗೆಂದು ಕರಿಬೇವು ಕೀಳಲು ಹೋದರೆ ಗಿಡದಲ್ಲಿ ಎಲೆಯಿಲ್ಲ, ಬರೀ ಕಡ್ಡಿ. ಕಡ್ಡಿಗೆ ಅಂಟಿಕೊಂಡು ಹಸಿರು ಹುಳುವೊಂದು ಹಾಯಾಗಿ ಕೂತಿದೆ. ಸಿಟ್ಟು ಬರುವುದು ನ್ಯಾಯವೇ. ಆದರೂ ಕಿತ್ತೆಸೆಯುವ ಮೊದಲು ಅದರ ಕಾಲುಗಳನ್ನೊಮ್ಮೆ ಎಣಿಸಿ ಎಂಬುದು ನನ್ನ ಬಿನ್ನಹ.

ಹದಿನಾರು ಸಿಗುತ್ತವೆ. ಕೀಟಕ್ಕೆ ಆರೇ ಕಾಲು ಎಂದು ಉರು ಹೊಡೆಸಿದ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ತಲೆಯ ಹಿಂದೆಯೇ ಇರುವ ಮೂರು ಜೋಡಿ ಚೂಪುಗಾಲುಗಳಷ್ಟೇ ಚಿಟ್ಟೆಯಾದ ಮೇಲೂ ಉಳಿಯುತ್ತವೆ. ಹೊಟ್ಟೆಯ ಕೆಳಗೆ ನಾಲ್ಕು ಜೋಡಿ, ಬಾಲದ ತುದಿಗೆ ಒಂದು ಜೋಡಿ ಇರುವ ಮೋಟುಗಾಲುಗಳು ಬಾಲ್ಯಕ್ಕೆ ಮಾತ್ರ. ಅವಕ್ಕೆ ಗೆಣ್ಣಿಲ್ಲ, ಒಳಗಿನ ದ್ರವದ ಒತ್ತಡದಿಂದಲೇ ಉಬ್ಬಿ ನಿಲ್ಲುತ್ತವೆ. ಆದರೆ ನಿಜವಾಗಿ ದುಡಿಯುವವು ಇವೇ. ಮುಂದಿನ ಆರು, ಎಲೆಯ ಅಂಚು ಹಿಡಿದುಕೊಟ್ಟು ಊಟಕ್ಕೆ ನೆರವಾಗುವುದೇ ಹೆಚ್ಚು.

ಭೂತಗನ್ನಡಿಯಲ್ಲಿ ನೋಡಿದರೆ ಮೋಟುಗಾಲಿನ ಅಂಗಾಲಿನ ತುಂಬ ಸಣ್ಣ ಸಣ್ಣ ಕೊಕ್ಕೆಗಳು. ಇವುಗಳ ತಮಾಷೆ ಎಂದರೆ, ಹಿಡಿದುಕೊಳ್ಳಲು ಹುಳುವಿಗೆ ಶ್ರಮವೇ ಬೇಡ. ಬಿಡುವುದಕ್ಕೇ ಸ್ನಾಯು ಎಳೆಯಬೇಕು. ಎರಡು ದಿನಕ್ಕೆಂದು ಬಂದು ತಿಂಗಳು ಉಳಿಯುವ ನೆಂಟರಿಗೂ ಇಂಥ ಅಂಗಾಲೇ ಇದ್ದೀತು.

ನಡಿಗೆಯೂ ಬಾಲದಿಂದಲೇ ಶುರು. ಹಿಂದಿನ ಜೋಡಿ ಎದ್ದು ಮುಂದಿಟ್ಟ ಮೇಲೆ ಅಲೆ ತಲೆಯತ್ತ ಸಾಗುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ತಂಬಾಕಿನ ಹುಳುವೊಂದನ್ನು ಎಕ್ಸ್‌ರೇಯಲ್ಲಿ ನಡೆಸಿ ನೋಡಿ, 2010ರಲ್ಲಿ ಒಂದು ಸಂಗತಿ ಹೊರಗೆಡವಿದರು: ಬಾಲ ಎದ್ದೊಡನೆ ಒಳಗಿನ ಕರುಳು ಮುಂದೆ ಜಾರಿಬಿಡುತ್ತದೆ, ನಡುವಿನ ಕಾಲುಗಳು ಆಮೇಲೆ ನಿಧಾನಕ್ಕೆ ಬರುತ್ತವೆ. ಮದುವೆಮನೆಯ ಪಂಕ್ತಿ ನೋಡಿದವರಿಗೆ ಇದೇನೂ ಹೊಸದಲ್ಲ.

ಈ ಕೊಕ್ಕೆಗಳ ಬೆಲೆ ಗೊತ್ತಿರುವವರು ಶಿಡ್ಲಘಟ್ಟ, ರಾಮನಗರದ ಕಡೆಯ ರೇಷ್ಮೆ ಬೆಳೆಗಾರರು. ಪೊರೆ ಬಿಡುವ ಮೊದಲು ಹುಳು 'ಜ್ವರಕ್ಕೆ ಕೂರುತ್ತದೆ'. ತಾನೇ ನೇಯ್ದ ತೆಳು ರೇಷ್ಮೆಯ ಹಾಸಿಗೆ ಕೊಕ್ಕೆ ಸಿಕ್ಕಿಸಿ, ತಲೆಯೆತ್ತಿ ಅಲುಗಾಡದೆ ಕೂರುತ್ತದೆ. ಹಿಡಿತ ಭದ್ರವಿದ್ದರಷ್ಟೇ ಹಳೆಯ ಚರ್ಮದಿಂದ ಜಾರಿ ಹೊರಬರಲು ಸಾಧ್ಯ. ಆಗ ಸೊಪ್ಪು ಹಾಕುವವರೂ ಕೈಕಟ್ಟಿ ಕೂರಬೇಕು.

ಎಲ್ಲ ಹುಳುಗಳಿಗೂ ಹದಿನಾರು ಕಾಲಿನ ಭಾಗ್ಯವಿಲ್ಲ. ನೆಲ ಅಳೆಯುವಂತೆ ಬೆನ್ನು ಬಾಗಿಸಿ ನಡೆಯುವ ಜಾತಿಗೆ ಹಿಂದೆ ಎರಡೇ ಜೋಡಿ. ಇನ್ನು ಮೂಲಂಗಿ ಸೊಪ್ಪು ತಿನ್ನುವ ಕಪ್ಪು ಹುಳುವಿನ ಹೊಟ್ಟೆಯ ಕೆಳಗೆ ಎಂಟು ಜೋಡಿ, ಕೊಕ್ಕೆ ಮಾತ್ರ ಒಂದೂ ಇಲ್ಲ. ಅದು ಚಿಟ್ಟೆಯ ಕೂಸೇ ಅಲ್ಲ, ಕಣಜದ ಬಳಗದ್ದು. ಕಂಬಳಿಹುಳುವಿಗೆಂದು ಮಾರುವ ಬಿಟಿ ಪುಡಿ ಅದಕ್ಕೆ ನಾಟುವುದಿಲ್ಲ. ಅಂಗಡಿಗೆ ಹೋಗುವ ಮುನ್ನ ಕಾಲೆಣಿಸಿದರೆ ದುಡ್ಡು ಉಳಿಯುತ್ತದೆ.